ಮೆಡೂಸಾ, ಮಿನೋಟಾರ್ ಮತ್ತು ನಾಲ್ಕು ಕಾದಂಬರಿಗಳು

ಗ್ರೀಕ್ ಪುರಾಣವನ್ನು ಹದಿಹರೆಯದವರಿಗಾಗಿ ಮತ್ತೆ ಹೇಳುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ನಾಲ್ಕನ್ನು ಓದಿ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ಮುಖ್ಯವಾಗಿ ಗಮನಿಸಿದ್ದು ಒಂದೇ ವಿಷಯ. ನೋಡಿದವರನ್ನು ಕಲ್ಲಾಗಿಸುವ, ತಲೆತುಂಬ ಹಾವುಗಳಿರುವ ಮೆಡೂಸಾ, ಹೋರಿ ತಲೆಯ ಮಿನೋಟಾರ್ ಹೀಗೆ ಮೂಲ ಕಥೆಯಲ್ಲಿ ವೀರನ ಕೈಯಲ್ಲಿ ಸಾಯುವುದಕ್ಕೆಂದೇ ಬರುವವರನ್ನು ಈ ಲೇಖಕರು ಹೇಗೆ ನಡೆಸಿಕೊಂಡಿದ್ದಾರೆ?

ಹೆಚ್ಚು ಜನರಿಗೆ ಗೊತ್ತಿರುವುದು ರಿಕ್ ರಿಯೊರ್ಡನ್ ಅವರ ‘ದಿ ಲೈಟ್ನಿಂಗ್ ಥೀಫ್’ (2005). ಪರ್ಸಿ ಜಾಕ್ಸನ್‌ಗೆ 12 ವರ್ಷ. ಅವನಿಗೆ ಓದುವುದು ಕಷ್ಟ, ಒಂದು ಕಡೆ ಸುಮ್ನೆ ಕೂರುವುದು ಇನ್ನೂ ಕಷ್ಟ. ಮೇಷ್ಟ್ರಾಗಿದ್ದ ರಿಯೊರ್ಡನ್ ಇಂಥದ್ದೇ ತೊಂದರೆಗಳಿದ್ದ ತಮ್ಮ ಮಗನಿಗೆ ಹೇಳಿದ ಕಥೆ ಇದು. ಪುಸ್ತಕದಲ್ಲಿ ಅದಕ್ಕೊಂದು ಚೆಂದದ ಕಾರಣವನ್ನೂ ಕೊಟ್ಟಿದ್ದಾರೆ: ದೇವರಿಗೂ ಮನುಷ್ಯರಿಗೂ ಹುಟ್ಟಿದ ಪರ್ಸಿಯಂಥ ಮಕ್ಕಳ ಮಿದುಳು ಪ್ರಾಚೀನ ಗ್ರೀಕ್ ಓದಲು ಹೊಂದಿಕೊಂಡಿದೆ, ಅದಕ್ಕೇ ಇಂಗ್ಲಿಷ್ ಅಕ್ಷರಗಳು ಕುಣಿಯುತ್ತವೆ! ದೇವರುಗಳ ನೆಲೆಯಾದ ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ. ಮೆಡೂಸಾ ನ್ಯೂಜೆರ್ಸಿಯಲ್ಲಿ ಕಲ್ಲಿನ ಗೊಂಬೆಗಳ ಅಂಗಡಿ ಇಟ್ಟುಕೊಂಡಿದ್ದಾಳೆ, ಬಂದವರಿಗೆ ಬರ್ಗರ್ ಕೊಡುತ್ತಾಳೆ. ಓದಲು ತುಂಬಾ ಮಜಾ. ಆದರೆ ತನಗೆ ಶಾಪ ಕೊಟ್ಟದ್ದು ದೇವತೆ ಅಥೀನಾ ಎಂದು ಅವಳು ಹೇಳಿಕೊಳ್ಳುವ ಮಾತು ಬೇಗ ಮುಗಿದುಹೋಗುತ್ತದೆ. ಆಮೇಲೆ ಕಾಳಗ, ಕೊನೆಗೆ ಅವಳ ತಲೆ ಪಾರ್ಸೆಲ್ ಆಗಿ ಒಲಿಂಪಸ್‌ಗೆ ಹೋಗುತ್ತದೆ. ಇಲ್ಲಿ ರಾಕ್ಷಸರು ದಾಟಬೇಕಾದ ಅಡ್ಡಿಗಳು, ಅಷ್ಟೇ.

ಇದರ ಪಕ್ಕದಲ್ಲಿ ಜೆಸ್ಸಿ ಬರ್ಟನ್ ಅವರ ‘ಮೆಡೂಸಾ’ (2021) ಇಡಿ. ಹೆಸರು ಅದೇ, ಆದರೆ ಬೇರೆಯೇ ಹುಡುಗಿ. ಕಥೆ ಹೇಳುವವಳು ಅವಳೇ. ಅಕ್ಕಂದಿರಾದ ಸ್ತೆನೊ ಮತ್ತು ಯುರಿಯೇಲ್ ಜೊತೆ ದ್ವೀಪದಲ್ಲಿ ಅಡಗಿದ್ದಾಳೆ. ತಲೆಯ ಮೇಲಿನ ಹಾವುಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಅಲ್ಲಿಗೆ ಮೂಲ ಕಥೆಯಲ್ಲಿ ಅವಳನ್ನು ಕೊಲ್ಲುವ ವೀರ ಪರ್ಸಿಯಸ್ ಬರುತ್ತಾನೆ. ಬಂಡೆಯ ಮರೆಯಲ್ಲಿ ನಿಂತು, ಮುಖ ತೋರಿಸದೆ, ಅವಳು ಅವನೊಂದಿಗೆ ಮಾತಾಡುತ್ತಾಳೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗುತ್ತದೆ. ಅವನು ಯಾರ ತಲೆ ಹುಡುಕಿಕೊಂಡು ಬಂದಿದ್ದಾನೆ ಎಂದು ಓದುವ ನಮಗೆ ಗೊತ್ತು. ಆ ಮಾತುಕತೆಯ ಪುಟಗಳನ್ನು ನಾನು ಉಸಿರು ಬಿಗಿಹಿಡಿದು ಓದಿದೆ. ಸಮುದ್ರದ ದೇವರು ಪೊಸೈಡನ್ ಮಾಡಿದ ಅತ್ಯಾಚಾರಕ್ಕೆ ಶಿಕ್ಷೆ ಹುಡುಗಿಗೆ ಸಿಕ್ಕಿತು ಎಂಬುದು ಪ್ರಾಚೀನ ರೋಮಿನ ಕವಿ ಓವಿಡ್ ಬರೆದದ್ದರಲ್ಲೇ ಇದೆ. ಬರ್ಟನ್ ಅದನ್ನು ಅವಳ ಬಾಯಲ್ಲಿ ಹೇಳಿಸುತ್ತಾರೆ, ಅವಸರವಿಲ್ಲದೆ, ಮುಚ್ಚಿಡದೆ. ಒಲಿವಿಯಾ ಲೊಮೆನೆಕ್ ಗಿಲ್ ಅವರ ಚಿತ್ರಗಳಿರುವ ಪ್ರತಿ ಸಿಕ್ಕರೆ ಅದನ್ನೇ ಕೊಳ್ಳಿ. ನಾಲ್ಕರಲ್ಲಿ ನನಗೆ ಇದೇ ಜಾಸ್ತಿ ಇಷ್ಟ.

ಮಿನೋಟಾರ್ ವಿಷಯದಲ್ಲೂ ಹೀಗೆಯೇ. ರಿಯೊರ್ಡನ್ ಪುಸ್ತಕದಲ್ಲಿ ಅವನು ಗುಡ್ಡದ ಮೇಲೆ ನುಗ್ಗಿ ಬಂದು, ತನ್ನದೇ ಕೊಂಬಿನ ತಿವಿತಕ್ಕೆ ಸಾಯುತ್ತಾನೆ. ಡೇವಿಡ್ ಎಲಿಯಟ್ ಅವರ ‘ಬುಲ್’ (2017) ನಲ್ಲಿ ಅವನಿಗೆ ಅಸ್ಟೇರಿಯನ್ ಎಂಬ ಹೆಸರಿದೆ, ಬಾಲ್ಯವಿದೆ, ಅಮ್ಮ ಇದ್ದಾಳೆ. ಇಡೀ ಕಾದಂಬರಿ ಪದ್ಯದಲ್ಲಿದೆ, ಪಾತ್ರಕ್ಕೊಂದು ಧಾಟಿ. ಪೊಸೈಡನ್ ಬಾಯಿ ತೆರೆದರೆ ಬೈಗುಳ, ಅಹಂಕಾರ. ಪೊಸೈಡನ್ ಕಳಿಸಿದ ಬಿಳಿ ಹೋರಿಯನ್ನು ಬಲಿ ಕೊಡದೆ ಇಟ್ಟುಕೊಂಡವನು ರಾಜ ಮಿನೋಸ್. ದೇವರ ಸಿಟ್ಟಿಗೆ ಸಿಕ್ಕಿದ್ದು ಮಾತ್ರ ಅವನ ಹೆಂಡತಿ, ಆಮೇಲೆ ಆ ಹೋರಿಯಿಂದ ಅವಳಿಗೆ ಹುಟ್ಟಿದ ಮಗು. ಅನ್ಯಾಯ ಅಲ್ವಾ? ಪೊಸೈಡನ್ ಅದನ್ನು ನಗುತ್ತಾ ಹೇಳುವಾಗ ನನಗೆ ಮೈ ಉರಿಯಿತು, ಎಲಿಯಟ್‌ಗೆ ಬೇಕಾಗಿದ್ದೂ ಅದೇ ಇರಬೇಕು. ಒಮ್ಮೆ ಕೂತರೆ ಓದಿ ಮುಗಿಯುತ್ತದೆ.

ನಾಲ್ಕನೆಯದು ಅಲೆಕ್ಸಾಂಡ್ರಾ ಬ್ರಾಕನ್ ಅವರ ‘ಲೋರ್’ (2021). ಏಳು ವರ್ಷಕ್ಕೊಮ್ಮೆ ಒಂಬತ್ತು ದೇವರುಗಳು ಮನುಷ್ಯರಾಗಿ ಇಳಿಯುತ್ತಾರೆ. ಕೊಂದವರಿಗೆ ಅವರ ಶಕ್ತಿ ಬರುತ್ತದೆ. ನಾಯಕಿ ಪರ್ಸಿಯಸ್ ವಂಶದ ಕೊನೆಯ ಕುಡಿ. ಕಲ್ಪನೆ ಗಟ್ಟಿಯಾಗಿದೆ, ಆದರೆ ಅವರನ್ನು ಬೇಟೆಯಾಡುವ ಮನೆತನಗಳ ಹೆಸರು, ನಿಯಮ, ಹಳೇ ದ್ವೇಷ ಎಲ್ಲವನ್ನೂ ಮೊದಲ ಭಾಗದಲ್ಲೇ ಸುರಿದಿದ್ದಾರೆ. ಹೊಡೆದಾಟ ಇಷ್ಟಪಡುವವರಿಗೆ ಸರಿ, ನನಗೆ ಮನುಷ್ಯರು ಕಡಿಮೆ ಸಿಕ್ಕರು.

ಮನೆಯಲ್ಲಿ ಹತ್ತು-ಹನ್ನೆರಡರ ಮಕ್ಕಳಿದ್ದರೆ ರಿಯೊರ್ಡನ್‌ನಿಂದಲೇ ಶುರು ಮಾಡಿ, ಅವರು ಪುರಾಣದ ಹೆಸರುಗಳನ್ನೆಲ್ಲ ಆಟದಲ್ಲೇ ಕಲಿತುಬಿಡುತ್ತಾರೆ. ಹದಿನಾಲ್ಕು ದಾಟಿದವರಿಗೆ ಬರ್ಟನ್ ಕೊಡಿ, ಆದರೆ ಮೊದಲು ನೀವು ಓದಿ, ಆಮೇಲೆ ಅವರ ಜೊತೆ ಮಾತಾಡಿ. ‘ಬುಲ್’ ಇನ್ನೂ ಸ್ವಲ್ಪ ದೊಡ್ಡವರಿಗೆ. ಅದನ್ನು ಜೋರಾಗಿ ಓದಿದರೇ ಸೊಗಸು.