ಫ್ರೀಡಂ ಪಾರ್ಕ್: ಧರಣಿ ಕೂರಲು ಹೋಗುವವರಿಗೆ

ಬೆಂಗಳೂರಿನ ಫ್ರೀಡಂ ಪಾರ್ಕ್ ಬಗ್ಗೆ ಜನ ಬರೆದ ಅಭಿಪ್ರಾಯ ಓದಿ ನೋಡಿ. ಬರೆದವರೆಲ್ಲ ವಾಕಿಂಗಿಗೋ ಫೋಟೋ ತೆಗೆಯಲೋ ಹೋದವರೇ. ಹಳೇ ಜೈಲು ಚೆನ್ನಾಗಿದೆ, ಮರಗಳಿವೆ, ಕಾವಲು ಗೋಪುರ ನೋಡಲೇಬೇಕು ಅಂತೆಲ್ಲ ಇರುತ್ತದೆ. ಕೊನೆಗೆ ಒಂದು ಎಚ್ಚರಿಕೆ: ಪ್ರತಿಭಟನೆ ಇರುವ ದಿನ ಹೋಗಬೇಡಿ, ಗಲಾಟೆ ಜಾಸ್ತಿ. ಆ ಗಲಾಟೆ ಮಾಡುವವರು ನಾವು. ನಮ್ಮ ಕಡೆಯದೂ ಒಂದು ವಿಮರ್ಶೆ ಇರಲಿ.

ನಾನು ಹರಿಹರ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ನಮ್ಮ ಸಂಘದ ಲೆಕ್ಕಪತ್ರ ನೋಡುವವಳೂ ನಾನೇ. ಬೆಂಗಳೂರಿಗೆ ಹೋರಾಟಕ್ಕೆ ಹೊರಟರೆ ರೈಲು ಟಿಕೆಟ್ಟು, ಅಕ್ಕಿ, ಜಮಖಾನ, ಯಾರು ಬಿಪಿ ಮಾತ್ರೆ ಮರೆತು ಬಂದಿದ್ದಾರೆ ಅನ್ನುವುದು, ಎಲ್ಲ ನನ್ನ ತಲೆ ಮೇಲೆ. ಘೋಷಣೆ ಕೂಗುವುದಕ್ಕೆ ನನಗಿಂತ ದೊಡ್ಡ ಗಂಟಲಿನವರು ಇದ್ದಾರೆ. ಹಾಗಾಗಿ ಇದರಲ್ಲಿ ಅನ್ನ ನೀರಿನ ಮಾತೇ ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಹೋಗುವ ದಾರಿಗೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಕಡೆಯಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಬಸ್ಸಿನವರಿಗೆ ಮೆಜೆಸ್ಟಿಕ್. ಎರಡೂ ಕಡೆಯಿಂದ ನಡೆದೇ ಹೋಗಬಹುದು, ಅರ್ಧ ಗಂಟೆ ಸಾಕು. ಆನಂದರಾವ್ ವೃತ್ತ ದಾಟಿ ಶೇಷಾದ್ರಿ ರಸ್ತೆ ಹಿಡಿದರೆ ಆಯಿತು. ಬೆಂಗಳೂರನ್ನೇ ನೋಡದ ಸಹಾಯಕಿಯರೂ ದಾರಿ ತಪ್ಪುವುದಿಲ್ಲ. ಆ ಹೊತ್ತಿಗೆ ಬ್ಯಾಗು ಹೊತ್ತುಕೊಂಡು, ಒಂದೇ ಬಣ್ಣದ ಸೀರೆಯಲ್ಲಿ ಆ ರಸ್ತೆಯಲ್ಲಿ ಹೋಗುವವರೆಲ್ಲ ಅಲ್ಲಿಗೇ ಹೋಗುವವರು.

ಜಾಗ ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಇದನ್ನು ಪಾರ್ಕು ಮಾಡಿ 2008ರಲ್ಲಿ ತೆರೆದರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲೇ ಇದ್ದರು. 1975ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದವರನ್ನು ಬಂಧಿಸಿ ಇಲ್ಲಿಗೆ ತಂದರು. ನೋಡಲು ಬಂದವರು ಆ ಹೆಸರುಗಳನ್ನು ಹೇಳುತ್ತಾರೆ. ನನಗೆ ನೆನಪಾಗುವವರು ಸ್ನೇಹಲತಾ ರೆಡ್ಡಿ. ನಾಟಕ, ಸಿನಿಮಾದಲ್ಲಿ ಪಾತ್ರ ಮಾಡುತ್ತಿದ್ದ ಹೆಣ್ಣುಮಗಳು. ಆಸ್ತಮಾ ಇತ್ತು. ತಿಂಗಳುಗಟ್ಟಲೆ ಈ ಜೈಲಿನಲ್ಲಿಟ್ಟು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಕೊಟ್ಟರು. ಹೊರಗೆ ಬಂದ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಾವು ಧರಣಿ ಕೂರುವುದೂ ಹೆಚ್ಚಾಗಿ ಜನವರಿಯಲ್ಲೇ, ಬಜೆಟ್ಟಿಗೆ ಮುಂಚೆ. ಭಾಷಣ ಉದ್ದ ಆದಾಗ ನಾನು ಎದ್ದು ಆ ಹಳೇ ಗೋಡೆ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಆಗ ಹೋರಾಟ ಮಾಡಿದರೆ ಜೈಲು, ಈಗ ಹೋರಾಟ ಮಾಡಲಿಕ್ಕೇ ಜೈಲು ಅನ್ನುವ ಜೋಕನ್ನು ಪ್ರತಿ ಸಲ ಯಾರಾದರೂ ಒಬ್ಬರು ಹೊಸದು ಅನ್ನುವ ಹಾಗೆ ಹೇಳುತ್ತಾರೆ. ನಗಬೇಕು, ಪಾಪ.

ಇನ್ನು ಶೌಚಾಲಯ. ಇದನ್ನು ಗಂಡಸರು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ನಮಗೆ ಅರ್ಧ ಹೋರಾಟವೇ ಇದು. ಸಾವಿರಾರು ಹೆಂಗಸರು ಒಂದೇ ಕಡೆ ಹಗಲು ರಾತ್ರಿ ಕೂತರೆ ಯಾವ ಪಾರ್ಕಿನ ಶೌಚಾಲಯವೂ ಸಾಲದು. ಮೊಬೈಲ್ ಶೌಚಾಲಯ ತರಿಸಿದರೂ ಮಧ್ಯಾಹ್ನದ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ. ಇದಕ್ಕೆ ಹೆದರಿ ಹೆಂಗಸರು ನೀರೇ ಕುಡಿಯುವುದಿಲ್ಲ. ಊರಿಗೆ ಹೋದ ಮೇಲೆ ಉರಿಮೂತ್ರ. ಸಂಘದ ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ನಮಗೆ ವರ್ಷಗಳೇ ಬೇಕಾದವು. ಈಗ ಹೊರಡುವ ಮುಂಚೆಯೇ ಹೇಳುತ್ತೇನೆ: ನೀರು ಕುಡಿಯಿರಿ, ಬೆಳಗ್ಗೆ ರೈಲ್ವೆ ಸ್ಟೇಷನ್ನಿನಲ್ಲೇ ಎಲ್ಲ ಮುಗಿಸಿ ಬನ್ನಿ, ಆಮೇಲೆ ಇಬ್ಬಿಬ್ಬರಾಗಿ ಸರದಿ ಮೇಲೆ ಹೋಗಿ. ಅಕ್ಕಪಕ್ಕದ ಹೋಟೆಲುಗಳನ್ನು ನಂಬಬೇಡಿ. ಒಂದು ಹೋಟೆಲಿನಲ್ಲಿ ಕಾಫಿ ಕುಡಿದು ದುಡ್ಡು ಕೊಟ್ಟ ಮೇಲೂ "ಟಾಯ್ಲೆಟ್ ರಿಪೇರಿಯಲ್ಲಿದೆ ಅಮ್ಮಾ" ಅಂದರು. ನಮ್ಮ ಹಿಂದೆಯೇ ಬಂದ ಪ್ಯಾಂಟು ಶರಟಿನ ಹುಡುಗಿ ಒಳಗೆ ಹೋಗಿ ಬಂದಳು. ರಿಪೇರಿ ಅಷ್ಟು ಬೇಗ ಆಗಿತ್ತು.

ಊಟದ ಚಿಂತೆ ಇಲ್ಲ. ಸಂಘದವರೇ ಅನ್ನ ಸಾಂಬಾರು ಮಾಡಿಸುತ್ತಾರೆ. ಅದಕ್ಕಿಂತ ಒಳ್ಳೇದು ಬೇಕು ಅಂದರೆ ವಿಜಯಪುರ, ಕಲಬುರಗಿ ಕಡೆಯವರ ಪಕ್ಕ ಜಮಖಾನ ಹಾಸಿಕೊಳ್ಳಿ. ಖಡಕ್ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ. ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು ಸಿಕ್ಕರೆ ಅದೂ. ಒಂದು ವಾರ ಆದರೂ ಆ ರೊಟ್ಟಿ ಕೆಡುವುದಿಲ್ಲ. ನಾವು ದಾವಣಗೆರೆ ಕಡೆಯವರು ಮಂಡಕ್ಕಿ ತರುತ್ತೇವೆ. ಅದು ಮೊದಲನೇ ಸಂಜೆಗೇ ಖಾಲಿ.

ರಾತ್ರಿ ಜನವರಿ ಚಳಿ ಜಾಸ್ತಿ, ಸೊಳ್ಳೆ ಇನ್ನೂ ಜಾಸ್ತಿ. ಮಹಿಳಾ ಪೊಲೀಸರು ಪಾಪ ಅವರೂ ಅಲ್ಲೇ ಕೂತಿರುತ್ತಾರೆ. ಒಬ್ಬ ಹುಡುಗಿ ಕಾನ್ಸ್‌ಟೇಬಲ್ ನನ್ನ ಹತ್ತಿರ ಬಂದು, "ಅಕ್ಕಾ, ನಮ್ಮಮ್ಮನೂ ಅಂಗನವಾಡಿ ಟೀಚರೇ" ಅಂದಳು. ಬೆಳಗ್ಗೆ ಗೇಟಿನ ಹತ್ತಿರ ನಮ್ಮನ್ನು ತಡೆದು ನಿಲ್ಲಿಸಿದ ಸಾಲಿನಲ್ಲಿ ಅವಳೂ ಇದ್ದಳು.

ಗೇಟಿನ ವಿಷಯಕ್ಕೆ ಬರುತ್ತೇನೆ. ನಾನು ನಕ್ಷತ್ರ ಕಳೆಯುವುದು ಇಲ್ಲೇ.

ಮೊದಲು ಬೆಂಗಳೂರಿನಲ್ಲಿ ಹೋರಾಟ ಅಂದರೆ ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೆರವಣಿಗೆ. 2021ರಲ್ಲಿ ರಸ್ತೆ ಮೇಲಿನ ಪ್ರತಿಭಟನೆಯಿಂದ ಸಂಚಾರಕ್ಕೆ ತೊಂದರೆ ಅನ್ನುವ ವಿಷಯವನ್ನು ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ವರ್ಷ ಪೊಲೀಸ್ ಕಮಿಷನರ್ ಆದೇಶ ಬಂತು: ಬೆಂಗಳೂರು ನಗರದಲ್ಲಿ ಧರಣಿ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ. ಅದಕ್ಕೂ ಮೊದಲೇ ಅನುಮತಿ ಪಡೆಯಬೇಕು. ಹೊರಗೆ ಕಾಲಿಟ್ಟರೆ ಕೇಸು. ಆಂಬುಲೆನ್ಸ್ ನಿಲ್ಲಬಾರದು, ಮಕ್ಕಳು ಶಾಲೆಗೆ ಹೋಗಬೇಕು, ಒಪ್ಪುತ್ತೇನೆ. ನಮ್ಮ ಕೇಂದ್ರದ ಗರ್ಭಿಣಿಯರನ್ನು ಹೆರಿಗೆಗೆ ಕರೆದುಕೊಂಡು ಹೋದವಳು ನಾನು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಧರಣಿ ಕೂರುವುದು ಯಾರಿಗೆ ಕಾಣಲಿ ಅಂತ? ಮಂತ್ರಿಗಳಿಗೆ, ಅಧಿಕಾರಿಗಳಿಗೆ. ಅವರು ಇರುವುದು ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡದಲ್ಲಿ. ಫ್ರೀಡಂ ಪಾರ್ಕಿನ ಮುಂದೆ ಹೋಗಿಬರುವವರು ಮಹಾರಾಣಿ ಕಾಲೇಜಿನ ಹುಡುಗಿಯರು, ಆಟೋದವರು. ನಿವೃತ್ತಿಯಾದಾಗ ಸಿಗಬೇಕಾದ ಗ್ರಾಚ್ಯುಟಿ ದುಡ್ಡನ್ನು ಅವರು ನಮಗೆ ಕೊಡಲು ಆಗುತ್ತದೆಯೇ? ಇಲ್ಲಿಂದ ವಿಧಾನಸೌಧ ದೂರವೇನಲ್ಲ, ಎರಡು ಕಿಲೋಮೀಟರ್ ಒಳಗೇ. ನಾವು ಅಷ್ಟು ನಡೆಯುವ ಹಾಗಿಲ್ಲ. ಅವರು ಬರಬೇಕು. ಮನವಿ ತೆಗೆದುಕೊಳ್ಳಲು ಮಂತ್ರಿ ಬರುತ್ತಾರೆ ಅಂತ ಬೆಳಗ್ಗೆ ಮೈಕಿನಲ್ಲಿ ಹೇಳುತ್ತಾರೆ. ಮಧ್ಯಾಹ್ನ ಮಂತ್ರಿ ಬದಲು ಅಧಿಕಾರಿ ಬರುತ್ತಾರೆ ಅನ್ನುತ್ತಾರೆ. ಸಂಜೆಗೆ ಬಂದವರು ಯಾರು ಅಂತ ಹಿಂದಿನ ಸಾಲಿಗೆ ಗೊತ್ತೇ ಆಗುವುದಿಲ್ಲ.

ವಿಧಾನಸೌಧದ ಹತ್ತಿರ ಜನ ಸೇರಲೇಬಾರದು ಅನ್ನುವ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. 2025ರ ಜೂನ್ 4ರಂದು ಆರ್‌ಸಿಬಿಗೆ ಸನ್ಮಾನ ಎಲ್ಲಿ ಮಾಡಿದರು? ವಿಧಾನಸೌಧದ ಮೆಟ್ಟಿಲ ಮೇಲೆ. ಎದುರಿಗೆ ಅಂಬೇಡ್ಕರ್ ವೀಧಿ ತುಂಬ ಜನ. ಅದೇ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ನಮ್ಮ ಮೇಲೆ ಹಾಕುವ ಷರತ್ತಿನಲ್ಲಿ ಅರ್ಧದಷ್ಟಾದರೂ ಆ ದಿನ ಯಾರಾದರೂ ಓದಿದ್ದರೆ ಅಂತ ಅನ್ನಿಸುತ್ತದೆ. ಶಾಸಕರಿಗಂತೂ ಬೇರೆಯೇ ಜಾಗ ಇದೆ: ಅಲ್ಲೇ ಆವರಣದ ಗಾಂಧಿ ಪ್ರತಿಮೆ. ಯಾವ ಪಕ್ಷ ವಿರೋಧದಲ್ಲಿದ್ದರೂ ಅಲ್ಲಿ ಕೂರುತ್ತದೆ. 2018ರ ಮೇ 17ರಂದು ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡಾಗ ಕಾಂಗ್ರೆಸ್, ಜೆಡಿಎಸ್ ನಾಯಕರು ಅಲ್ಲೇ ಧರಣಿ ಕೂತಿದ್ದರು. ಟಿವಿಯವರು ಐದು ನಿಮಿಷದಲ್ಲಿ ಹಾಜರು. ಅವರನ್ನು ಯಾರೂ ಫ್ರೀಡಂ ಪಾರ್ಕಿಗೆ ಹೋಗಿ ಅನ್ನಲಿಲ್ಲ.

2025ರ ಜೂನ್‌ನಿಂದ ಇನ್ನೊಂದು ದಾರಿ ಆಗಿದೆ. ₹50 ಕೊಟ್ಟು ಆನ್‌ಲೈನಿನಲ್ಲಿ ಟಿಕೆಟ್ ತೆಗೆದುಕೊಂಡರೆ ಗೈಡ್ ಜೊತೆ ವಿಧಾನಸೌಧ ನೋಡಿ ಬರಬಹುದು. ಭಾನುವಾರ, ಮತ್ತೆ ಎರಡನೇ, ನಾಲ್ಕನೇ ಶನಿವಾರ. ಅಂದರೆ ಸರ್ಕಾರ ರಜೆಯಲ್ಲಿರುವ ದಿನ. ಒಳ್ಳೇ ಯೋಜನೆ, ಸುಳ್ಳು ಹೇಳಬಾರದು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಕಟ್ಟಡವನ್ನು ನಮ್ಮ ಮಕ್ಕಳು ಒಳಗಿಂದ ನೋಡಬೇಕು. ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆಸಿದ್ದಾರಲ್ಲ, ಅದನ್ನು ಹತ್ತಿರದಿಂದ ಓದಬೇಕು. ಸೋಮವಾರ ಅದೇ ಬಾಗಿಲಿಗೆ ಮನವಿ ಹಿಡಿದು ಹೋದರೆ ಪಾಸು ಕೇಳುತ್ತಾರೆ.

ಬೆಳಗಾವಿ ಇದಕ್ಕಿಂತ ವಾಸಿ ಅಂತ ನನ್ನ ಲೆಕ್ಕ. ಡಿಸೆಂಬರ್ ಅಧಿವೇಶನದಲ್ಲಿ ಸುವರ್ಣಸೌಧದ ಹತ್ತಿರ ಕೊಂಡಸಕೊಪ್ಪದ ಕಡೆ ಪ್ರತಿಭಟನೆಗೆ ಟೆಂಟ್ ಹಾಕಿರುತ್ತಾರೆ. ಅಲ್ಲೂ ಪೊಲೀಸರು ಇರುತ್ತಾರೆ, ಅಲ್ಲೂ ಸೌಧದ ಒಳಗೆ ಬಿಡುವುದಿಲ್ಲ, ಗಾಳಿ ಬೇರೆ ಮೂಳೆ ಕೊರೆಯುತ್ತದೆ. ಆದರೆ ಮಂತ್ರಿಗಳೆಲ್ಲ ಒಂದೇ ಊರಿನಲ್ಲಿ ಸಿಕ್ಕಿಬಿದ್ದಿರುತ್ತಾರೆ. ಸದನ ನಡೆಯುತ್ತಿರುತ್ತದೆ, ಯಾವನಾದರೂ ಒಬ್ಬ ಶಾಸಕ ಒಳಗೆ ಎದ್ದು ನಮ್ಮ ಹೆಸರು ಹೇಳುತ್ತಾನೆ.

ಹಾಗಂತ ಫ್ರೀಡಂ ಪಾರ್ಕಿನಲ್ಲಿ ಕೂತರೆ ಏನೂ ಆಗುವುದಿಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತ್ತು. ಕೋರ್ಟು ಹೇಳಿದ ಮಾತ್ರಕ್ಕೆ ಕೈಗೆ ಬರುತ್ತದೆಯೇ? 2023ರ ಜನವರಿಯಲ್ಲಿ ನಾವು ಇಲ್ಲಿ ಅಹೋರಾತ್ರಿ ಕೂತ ಮೇಲೆ ರಾಜ್ಯ ಸರ್ಕಾರ ಒಪ್ಪಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಇದೇ ಜಾಗದಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ ₹10,000ದ ಭರವಸೆ ತೆಗೆದುಕೊಂಡು ಹೋದರು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ 1,777 ಎಕರೆ ಭೂಮಿಗಾಗಿ 2022ರಿಂದ ಊರಲ್ಲೇ ಧರಣಿ ಕೂತಿದ್ದರು. ಕೊನೆಗೆ ಇಲ್ಲಿಗೂ ಬಂದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂದರು. ಮೂರು ವರ್ಷದ ಮೇಲೆ ಹಿಡಿಯಿತು.

ಇದರ ಪಕ್ಕದಲ್ಲಿ 2016ರ ಏಪ್ರಿಲ್ ಇಟ್ಟು ನೋಡಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ದುಡ್ಡಿಗಾಗಿ ಹೊಸೂರು ರಸ್ತೆಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ಅನುಮತಿ ಕೇಳಿರಲಿಲ್ಲ. ಎರಡನೇ ದಿನ ಸಂಜೆಗೆ, ಪಿಎಫ್ ದುಡ್ಡು ತೆಗೆಯಲು ತಡೆ ಹಾಕಿದ್ದ ಹೊಸ ನಿಯಮವನ್ನು ಕೇಂದ್ರ ಸರ್ಕಾರ ವಾಪಸ್ ತೆಗೆದುಕೊಂಡಿತು. ಬಸ್ಸಿಗೆ ಬೆಂಕಿ ಬಿತ್ತು, ಲಾಠಿ ಏಟು ಬಿತ್ತು, ಹುಡುಗಿಯರ ಮೇಲೆ ಕೇಸು ಬಿತ್ತು. ಅದು ಬೇಕು ಅಂತ ಹೇಳುತ್ತಿಲ್ಲ. ಆದರೆ ಅನುಮತಿ ತೆಗೆದುಕೊಂಡು, ಷರತ್ತು ಪಾಲಿಸಿ, ಬೇಲಿ ಒಳಗೆ ಕೂತವರಿಗೆ ವರ್ಷಗಟ್ಟಲೆ ಕಾಯಿಸಿ, ರಸ್ತೆಗೆ ಬಂದವರಿಗೆ ಎರಡೇ ದಿನದಲ್ಲಿ ಉತ್ತರ ಕೊಟ್ಟರೆ ಜನ ಯಾವ ಪಾಠ ಕಲಿಯುತ್ತಾರೆ? ಫ್ರೀಡಂ ಪಾರ್ಕಿನಲ್ಲೇ ಕೂರಿ ಅನ್ನುವವರು ಅದರ ಜೊತೆಗೆ ಒಂದು ಸಾಲು ಸೇರಿಸಬೇಕಿತ್ತು: ಇಷ್ಟು ಜನ ಕೂತರೆ ಇಷ್ಟು ಗಂಟೆಯೊಳಗೆ ಸಂಬಂಧಪಟ್ಟ ಮಂತ್ರಿ ಅಲ್ಲಿಗೆ ಬರಬೇಕು ಅಂತ. ಷರತ್ತು ಅಂದಮೇಲೆ ಎರಡೂ ಕಡೆ ಇರಬೇಕಲ್ವಾ?

ಐದರಲ್ಲಿ ಎರಡೂವರೆ ಕೊಡುತ್ತೇನೆ. ಅದರಲ್ಲಿ ಒಂದು ಪೂರ್ತಿ ನಕ್ಷತ್ರ ಮರದ ನೆರಳಿನದು. ಬೇಗ ಹೋಗಿ ಹಿಡಿದುಕೊಳ್ಳಿ, ಹನ್ನೊಂದರ ಮೇಲೆ ಶಾಮಿಯಾನದ ಅಂಚಿನಲ್ಲಿ ಬಿಸಿಲೇ ಗತಿ.

ಹೊಸದಾಗಿ ಹೋಗುವವರಿಗೆ ಇನ್ನೊಂದೆರಡು ಮಾತು. ಅನುಮತಿ ಪತ್ರದ ಜೆರಾಕ್ಸ್ ಒಬ್ಬರ ಹತ್ತಿರ ಮಾತ್ರ ಇಡಬೇಡಿ, ಪ್ರತಿ ತಾಲ್ಲೂಕಿನವರ ಕೈಯಲ್ಲೂ ಇರಲಿ. ಗೇಟಿನಲ್ಲಿ ಮೊದಲು ಕೇಳುವುದೇ ಅದನ್ನು. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಹಾಡು ಹೇಳುವವರು ಗಂಟಲು ಉಳಿಸಿಕೊಂಡಿರಲಿ. ಮೊಬೈಲ್ ಚಾರ್ಜಿಗೆ ಪವರ್ ಬ್ಯಾಂಕ್ ತನ್ನಿ, ಅಂಗನವಾಡಿ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಯಾಕೆ ಎಂಟ್ರಿ ಆಗಿಲ್ಲ ಅಂತ ಮೇಲ್ವಿಚಾರಕಿ ಅಲ್ಲಿಗೂ ಫೋನ್ ಮಾಡುತ್ತಾರೆ. ಮತ್ತೆ ಸೋಮವಾರವೋ ಮಂಗಳವಾರವೋ ಶುರುಮಾಡಿ. ಎರಡನೇ, ನಾಲ್ಕನೇ ಶನಿವಾರದ ಹಿಂದಿನ ಶುಕ್ರವಾರ ಕೂತರೆ ಶನಿವಾರ, ಭಾನುವಾರ ಮನವಿ ತೆಗೆದುಕೊಳ್ಳಲು ಗುಮಾಸ್ತರೂ ಸಿಗುವುದಿಲ್ಲ, ಅನ್ನಕ್ಕೆ ಮಾತ್ರ ಎರಡು ದಿನದ ಖರ್ಚು ಜಾಸ್ತಿ.