ಕ್ಯಾಂಪ್‌ಬೆಲ್ ಮನೆತನದ ಮೂರು ಕೋಟೆಗಳು: ಯಾವುದಕ್ಕೆ ಹೋಗಬೇಕು?

ಸ್ಕಾಟ್ಲೆಂಡಿನಲ್ಲಿ ಒಂದೇ ದಿನ ಕೈಯಲ್ಲಿದ್ದರೆ ಇನ್ವರೇರಿ, ಕಿಲ್ಖರ್ನ್, ಕ್ಯಾಸಲ್ ಕ್ಯಾಂಪ್‌ಬೆಲ್ ಮೂರನ್ನೂ ನೋಡಲು ಹೊರಡಬೇಡಿ.

ಹಳೆಯ ಕಲ್ಲೇ ಬೇಕೆನ್ನುವವರಿಗೆ ಕಿಲ್ಖರ್ನ್. ಗ್ಲೆನಾರ್ಕಿಯ ಸರ್ ಕಾಲಿನ್ ಕ್ಯಾಂಪ್‌ಬೆಲ್ 1450ರ ಸುಮಾರಿಗೆ ಲಾಖ್-ಆ ಸರೋವರದ ತುದಿಯಲ್ಲಿ ಐದಂತಸ್ತಿನ ಗೋಪುರ ಕಟ್ಟಿಸಿದ. 1690ರ ದಶಕದಲ್ಲಿ ಸೈನಿಕರ ವಸತಿ ಸೇರಿತು. 1760ರ ದಶಕದಲ್ಲಿ ಸಿಡಿಲು ಬಡಿದ ಮೇಲೆ ಪಾಳುಬಿತ್ತು. ಮೂಲೆಗೋಪುರವೊಂದರ ತುಂಡು ಅಂಗಳದಲ್ಲಿ ತಲೆಕೆಳಗಾಗಿ ಬಿದ್ದಿದೆ, ಅದನ್ನು ಸುತ್ತು ಹಾಕಿ ನೋಡಿ. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಮಳೆ ಜೋರಾದರೆ ದಾರಿಯಲ್ಲಿ ನೀರು ನಿಲ್ಲುತ್ತದೆ. ಚಳಿಗಾಲದಲ್ಲಿ ಒಳಗೆ ಬಿಡುವುದಿಲ್ಲ.

ಮಳೆಯ ದಿನಕ್ಕೆ, ಮಕ್ಕಳು ಹಿರಿಯರು ಜೊತೆಗಿದ್ದರೆ ಇನ್ವರೇರಿ. 1740ರ ದಶಕದಲ್ಲಿ ಕ್ಯಾಂಪ್‌ಬೆಲ್ ಮನೆತನದ ಮುಖ್ಯಸ್ಥ, ಆರ್ಗೈಲ್‌ನ ಮೂರನೇ ಡ್ಯೂಕ್ ಶುರುಮಾಡಿಸಿದ ಅರಮನೆ. ವಂಶಸ್ಥರು ಈಗಲೂ ಅಲ್ಲೇ ವಾಸ. 21 ಮೀಟರ್ ಎತ್ತರದ ಆಯುಧ ಸಭಾಂಗಣವೇ ಮುಖ್ಯ. ಹೊರಗಿನ ಶಂಕುವಿನಾಕಾರದ ಚಾವಣಿಗಳು ಮೂಲ ಕಟ್ಟಡದ್ದಲ್ಲ, 1877ರ ಬೆಂಕಿಯ ನಂತರ ಬಂದವು. ಟಿಕೆಟ್ ಇದೆ. ಊರಿಗೆ ರೈಲಿಲ್ಲ, ಗ್ಲಾಸ್ಗೋದಿಂದ ಬಸ್ಸೇ ಗತಿ.

ಎಡಿನ್‌ಬರೋದಲ್ಲಿ ಉಳಿದುಕೊಂಡವರಿಗೆ ಡಾಲರ್ ಊರಿನ ಮೇಲಿರುವ ಕ್ಯಾಸಲ್ ಕ್ಯಾಂಪ್‌ಬೆಲ್ ಹತ್ತಿರ. ಮದುವೆಯ ಸಂಬಂಧದಿಂದ ಮನೆತನಕ್ಕೆ ಬಂತು, 1654ರಲ್ಲಿ ಸುಟ್ಟಿತು. ಹತ್ತುವ ದಾರಿ ಕಡಿದಾಗಿದೆ, ಮೊಣಕಾಲು ನೋವಿದ್ದವರು ಬಿಡಿ.

ಕಾರಿದ್ದರೆ ಇನ್ವರೇರಿ, ಕಿಲ್ಖರ್ನ್ ಎರಡನ್ನೂ ಒಂದೇ ದಿನ ನೋಡಬಹುದು. ನಡುವೆ ಸುಮಾರು 25 ಕಿ.ಮೀ. ಅಷ್ಟೇ. ಇನ್ವರೇರಿಗೂ ಚಳಿಗಾಲದ ರಜೆ ಇದೆ, ಹೊರಡುವ ಮುನ್ನ ತೆರೆದಿರುವ ದಿನಗಳನ್ನು ನೋಡಿಕೊಳ್ಳಿ.