ಉಣಕಲ್ ಕೆರೆಯ ದಂಡೆಯಲ್ಲಿ ಸಮ್ ಬರುವ ಮುನ್ನವೇ ಮುಗಿದ ಖ್ಯಾಲ್

ಹುಬ್ಬಳ್ಳಿಯ ಉಣಕಲ್ ಕೆರೆಯ ಉದ್ಯಾನದಲ್ಲಿ ನಡೆಯುತ್ತ ಕೇಳಲೆಂದು ಸಂಗೀತ ಕಲಿಯುವ ಕೆಲವು ಹುಡುಗರು ಉಚಿತ ಆ್ಯಪ್ ಒಂದರಲ್ಲಿ ಸಂಗೀತದ ಹಾದಿಯನ್ನು ಸಿದ್ಧಪಡಿಸಿದ್ದಾರೆ. ನಾನು ಅದನ್ನು ಒಮ್ಮೆ ಬೆಳಿಗ್ಗೆ ಒಬ್ಬನೇ, ಇನ್ನೊಮ್ಮೆ ಸಂಜೆ ನಮ್ಮ ಕಾಕಾನೊಂದಿಗೆ ಪೂರ್ತಿ ನಡೆದು ಕೇಳಿದೆ. ನಕ್ಷೆಯ ಮೇಲೆ ಮೊದಲೇ ಗುರುತಿಸಿಟ್ಟ ವೃತ್ತದೊಳಗೆ ನಾವು ಕಾಲಿಟ್ಟದ್ದನ್ನು ಫೋನಿನ ಜಿಪಿಎಸ್ ಅರಿತೊಡನೆ ಆ ಜಾಗದ ಧ್ವನಿಮುದ್ರಿಕೆ ಮೆಲ್ಲಗೆ ಏಳುತ್ತದೆ, ವೃತ್ತ ದಾಟಿದಾಗ ಮೆಲ್ಲಗೆ ಅಡಗುತ್ತದೆ. 2011ರಲ್ಲಿ ಬ್ಲೂಬ್ರೇನ್ ಎಂಬ ಸಂಗೀತ ಜೋಡಿಯ ಸಹೋದರರು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ಉದ್ಯಾನಕ್ಕೆ, 2020ರಲ್ಲಿ ಸಂಗೀತ ಸಂಯೋಜಕಿ ಎಲೆನ್ ರೀಡ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಮಾಡಿದ್ದು ಇದೇ ಬಗೆಯ ಕೆಲಸ.

ಜಾಗ ನೋಡಿ ಸಂಗೀತ ಇಡುವ ಜಾಣತನ ಈ ಹುಡುಗರಿಗಿದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳ ಸದ್ದು ಕೇಳಿಸುವ ರಸ್ತೆಯ ಬದಿಗೆ ತಬಲಾದ ದ್ರುತ್ (ವೇಗದ) ತೀನತಾಲವನ್ನೂ, ನೀರಿನ ನಡುವಿನ ವಿವೇಕಾನಂದರ ಪ್ರತಿಮೆ ಎದುರಾಗುವಲ್ಲಿ ಬರೀ ತಂಬೂರಿಯನ್ನೂ ಇಟ್ಟಿದ್ದಾರೆ. ಹಾರ್ನ್ ಸದ್ದು ತಬಲಾದೊಳಗೆ ಕರಗಿಹೋದದ್ದು ನನಗೆ ನಿಜಕ್ಕೂ ಹಿಡಿಸಿತು.

ಎಡವಿದ್ದು ಗಾಯನದಲ್ಲಿ. ಗಂಗೂಬಾಯಿ ಹಾನಗಲ್ಲರು ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು ಬಂದ ಈ ಊರಿನಲ್ಲಿ ಅವರದೇ ಕಿರಾಣಾ ಘರಾಣೆಯ ಶೈಲಿಯ ಬಡಾ ಖ್ಯಾಲ್, ಅಂದರೆ ನಿಧಾನಗತಿಯಲ್ಲಿ ಅರಳುವ ಹಿಂದೂಸ್ತಾನಿ ಗಾಯನ, ಇಡಬೇಕೆನಿಸಿದ್ದು ಸಹಜವೇ. ಆದರೆ ಅದನ್ನಿಟ್ಟ ವೃತ್ತದ ಅಗಲ ನಲವತ್ತು ಮೀಟರ್‌ಗಿಂತ ಹೆಚ್ಚಿರಲಾರದು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವರು ಅದನ್ನು ಅರ್ಧ ನಿಮಿಷದೊಳಗೆ ದಾಟುತ್ತಾರೆ. ಅತಿ ವಿಲಂಬಿತ, ಅಂದರೆ ತೀರ ನಿಧಾನದ, ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ (ತಾಳದ ಎಣಿಕೆಗಳ) ಒಂದೇ ಆವರ್ತನ ಸುತ್ತಿ ಮತ್ತೆ ಮೊದಲ ಮಾತ್ರೆಯಾದ ಸಮ್‌ಗೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಬೆರಳು ಮಡಿಸುತ್ತ ಮಾತ್ರೆ ಎಣಿಸುತ್ತಿದ್ದ ಕಾಕಾ ಹಾದಿಯ ನಡುವೆಯೇ ನಿಂತು, "ಸಮ್ ಬರೂದ್ರಾಗ ಹಾಡ ಹೋತಲ್ಲೋ ತಮ್ಮಾ" ಎಂದರು. ಹಿಂದೆ ಬರುತ್ತಿದ್ದವರು ಅವರಿಗೆ ಡಿಕ್ಕಿ ಹೊಡೆಯುವುದೊಂದು ಬಾಕಿ ಇತ್ತು. ತೆರೆದ ಬಯಲಿನಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್‌ನಷ್ಟು ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಹೀಗಾಗಿ ವೃತ್ತದ ಅಂಚಿನಲ್ಲಿ ನಿಂತರೆ ಹಾಡು ಬಂದು ಹೋಗಿ ಮಾಡುತ್ತದೆ.

ಇನ್ನೊಂದು ಆಕ್ಷೇಪ ಬೆಳಗಿನ ವಾಯುವಿಹಾರಿಗಳ ಪರವಾಗಿ. ಹಾದಿಯ ರಾಗಗಳೆಲ್ಲ ಪೂರಿಯಾ ಧನಾಶ್ರೀ, ಯಮನ್‌ಗಳಂಥ ಸಂಜೆ ಮತ್ತು ರಾತ್ರಿಯ ರಾಗಗಳು. ಮುಂಜಾನೆ ಆರಕ್ಕೆ ಎಳೆಬಿಸಿಲಿನಲ್ಲಿ ಯಮನ್ ಕೇಳುವುದು ನನಗೆ ಎದ್ದ ಕೂಡಲೇ ರಾತ್ರಿಯೂಟಕ್ಕೆ ಕೂತಂತಾಯಿತು. ನಾವಿರುವ ಜಾಗ ಬಲ್ಲ ಫೋನಿಗೆ ಗಂಟೆಯೂ ಗೊತ್ತು. ಬೆಳಿಗ್ಗೆಗೆಂದು ಮುಂಜಾನೆಯ ರಾಗವಾದ ಅಹೀರ್ ಭೈರವದ ಇನ್ನೊಂದು ಸರಣಿ ಇಡುವುದು ಅಸಾಧ್ಯವೇನಲ್ಲ.

ಧ್ವನಿಮುದ್ರಿಕೆಗಳನ್ನು ಮನೆಯಲ್ಲೇ ಇಳಿಸಿಕೊಂಡು ಹೋಗುವುದು ಒಳ್ಳೆಯದು. ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆಯನ್ನು ಬಂದ್ ಮಾಡದಿದ್ದರೆ ಪರದೆ ಆರಿದೊಡನೆ ಸಂಗೀತವೂ ನಿಲ್ಲಬಹುದು. ಮೊದಲ ದಿನ ನನಗೆ ಆದದ್ದು ಅದೇ.

ಕೊನೆಯ ವೃತ್ತವನ್ನು ಮಾತ್ರ ದೊಡ್ಡದಾಗಿ ಬಿಡಿಸಿ, ಅದರೊಳಗೆ ನೀರಿಗೆ ಮುಖಮಾಡಿದ ಕಲ್ಲುಬೆಂಚು ಬರುವಂತೆ ನೋಡಿಕೊಂಡಿದ್ದಾರೆ. ಕಾಕಾ ಚಪ್ಪಲಿ ಬಿಟ್ಟು ಅಲ್ಲಿ ಕಾಲು ಮಡಚಿ ಕೂತರು. ಮೂರನೆಯ ಆವರ್ತನ ಸಮ್‌ಗೆ ಬಂದಾಗ ತೊಡೆಯ ಮೇಲೆ ಕೈ ಬಿತ್ತು. ಕತ್ತಲಾದರೂ ಅವರು ಏಳಲಿಲ್ಲ.